ಹೊಗೆ ಬಿಟ್ಟರೇ?

ಮಂಗಳೂರಿನ ನಮ್ಮ ಬಡಾವಣೆಯಲ್ಲಿ ಯಾರಿಗಾದರೂ ಮೂರು ದಿನ ಬಿಡದೆ ಜ್ವರ ಬಂದರೆ ನೆರೆಮನೆಯವರು ಮೊದಲು ವಿಚಾರಿಸುವುದು ರಕ್ತ ಪರೀಕ್ಷೆಯನ್ನಲ್ಲ. “ನಿಮ್ಮ ಓಣಿಗೆ ಹೊಗೆ ಬಿಟ್ಟರೇ?” ಎಂದು ಕೇಳುತ್ತಾರೆ. ನುಸಿ, ಅಂದರೆ ಸೊಳ್ಳೆ, ಕೊಲ್ಲಲೆಂದು ಯಂತ್ರದಿಂದ ಬಿಡುವ ಹೊಗೆ. ಬಿಟ್ಟಿದ್ದರೆ ಆಡಳಿತ ಬದುಕಿದೆ ಎಂದರ್ಥ. ಬಿಡದಿದ್ದರೆ ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುವ ಮಾತು.

ಹೊಗೆಯ ಸವಾರಿ ಹೊರಟರೆ ಕೊಂಬು, ಕಹಳೆ ಮಾತ್ರ ಕಡಿಮೆ. ಸಂಜೆ ಐದೂವರೆಗೆ ಯಂತ್ರ ಗುಡುಗುತ್ತದೆ. ಹಿಂದೆ ಮಕ್ಕಳ ಹಿಂಡು, ಮುಂದೆ ಮೊಬೈಲ್ ಹಿಡಿದ ಹಿಂಬಾಲಕರು, ನಡುವೆ ಬಿಳಿ ಅಂಗಿಯ ಜನಪ್ರತಿನಿಧಿ. ಫೋಟೋ ಮುಗಿಯುವ ತನಕ ಯಂತ್ರವನ್ನು ಅವರೇ ಹೊರುತ್ತಾರೆ. ಡೀಸೆಲ್ ವಾಸನೆ ಮೂಗಿಗೆ ಬಡಿದ ಕೂಡಲೇ ನಾವು ಓಡಿ ಹೋಗಿ ಕಿಟಕಿ, ಬಾಗಿಲು ಭದ್ರಪಡಿಸುತ್ತೇವೆ. ಡೆಂಗಿ ಹರಡುವ ಈಡಿಸ್ ನುಸಿ ಆ ಹೊತ್ತಿಗೆ ನಮ್ಮ ಮಂಚದಡಿಯಲ್ಲೋ ಕಪಾಟಿನ ಹಿಂದೆಯೋ ಗೂಟಕ್ಕೆ ನೇತುಹಾಕಿದ ಲುಂಗಿಯ ಮಡಿಕೆಯಲ್ಲೋ ಕೂತು ವಿಶ್ರಮಿಸುತ್ತಿರುತ್ತದೆ. ಅದಕ್ಕೆ ಹೊಗೆ ತಾಗದಂತೆ ಕಾಪಾಡುವವರು ನಾವೇ.

ತಾಗಿದರೂ ಸಾಯುವುದು ಆಗ ಹಾರಾಡುತ್ತಿರುವ ನುಸಿ ಮಾತ್ರ. ನೀರಿನಲ್ಲಿ ಬಾಲ ಕುಣಿಸುವ ಮರಿಗೆ ಹೊಗೆಯ ಹಂಗಿಲ್ಲ. ವಾರ, ಹತ್ತು ದಿನದಲ್ಲಿ ಅದಕ್ಕೂ ರೆಕ್ಕೆ ಮೂಡುತ್ತದೆ. ನುಸಿ ಹುಟ್ಟುವ ನೀರನ್ನು ಚೆಲ್ಲಿ ಎಂದು ಕೀಟತಜ್ಞರು ಹೇಳಿ ಹೇಳಿ ಸೋತಿದ್ದಾರೆ. ಆದರೆ ನೀರು ಚೆಲ್ಲುವಾಗ ಸದ್ದಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುವುದೂ ಇಲ್ಲ. “ಇಷ್ಟು ಹೊಗೆಯಿಂದ ಏನು ಉಪಯೋಗ?” ಎಂದು ಒಮ್ಮೆ ಅಧಿಕಾರಿಯೊಬ್ಬರನ್ನು ಕೇಳಿದೆ. “ಜನ ಕೇಳುತ್ತಾರಲ್ಲ ಮಾರಾಯರೇ” ಎಂದರು. ಜನರನ್ನು ಕೇಳಿದರೆ, “ಅವರು ಬಿಡುತ್ತಾರಲ್ಲ, ಉಪಯೋಗ ಇಲ್ಲದೆ ಬಿಡುತ್ತಾರೆಯೇ?” ಎಂದರು. ಈ ವ್ಯವಹಾರದಲ್ಲಿ ನುಸಿಯನ್ನು ಯಾರೂ ವಿಚಾರಿಸಲಿಲ್ಲ.

ಹಾಗೆಂದು ನಮ್ಮವರು ಪ್ರಶ್ನೆ ಕೇಳದವರಲ್ಲ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ಸಾಲು ಸಾಲು ಬ್ಯಾಂಕು ಹೆತ್ತ ಅವಿಭಜಿತ ದಕ್ಷಿಣ ಕನ್ನಡದ ನೆಲ ಇದು. ಓಣಿಗೆ ಇಬ್ಬರಂತೆ ನಿವೃತ್ತ ಮ್ಯಾನೇಜರುಗಳಿದ್ದಾರೆ. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರೂ ಅಂಥವರೇ. ಆರೋಗ್ಯ ಕಾರ್ಯಕರ್ತೆ ಟಾರ್ಚು ಹಿಡಿದು ಗೇಟಿನ ಬಳಿ ನಿಂತರೆ, ಸಾಲದ ಅರ್ಜಿ ತಂದವರನ್ನು ನೋಡಿದ ಹಾಗೆ ನೋಡುತ್ತಾರೆ. ಗುರುತಿನ ಚೀಟಿ ಎಲ್ಲಿ? ಆದೇಶದ ಪ್ರತಿ ಎಲ್ಲಿ? ನೀವು ಎಷ್ಟು ಓದಿದ್ದೀರಿ? ನಮ್ಮ ಫ್ರಿಜ್ಜಿನ ಹಿಂದೆ ನಿಮಗೇನು ಕೆಲಸ? ಅವರಿಗೆ ಕೆಲಸ ಇರುವುದು ಅಲ್ಲೇ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿಯ ಬಸಿ, ಹಿತ್ತಿಲಿನ ಗೆರಟೆ, ಮೂಲೆಗೆ ಎಸೆದ ಟಯರು, ಇವಿಷ್ಟೇ ಆಕೆಯ ಕಾರ್ಯಕ್ಷೇತ್ರ. ಹೊಗೆಯ ಯಂತ್ರದವನ ಓದಿನ ಬಗ್ಗೆ ಅಧ್ಯಕ್ಷರು ಇದುವರೆಗೆ ವಿಚಾರಿಸಿಲ್ಲ.

ಅವರ ಮಗನಿಗೇ ಡೆಂಗಿ ಬಂದಾಗ ಆಸ್ಪತ್ರೆಯಲ್ಲೂ ತಪಾಸಣೆ ನಡೆಯಿತು. ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಇಳಿದಿದೆ, ಏಕೆ ಏರಿಸುವುದಿಲ್ಲ? ರಕ್ತಸ್ರಾವ ಇಲ್ಲದಿದ್ದರೆ, ಹತ್ತು ಸಾವಿರದ ಕೆಳಗೆ ಹೋಗದಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಅದಕ್ಕೆ ಆಧಾರವೇನೆಂದು ಇವರು ಕೇಳಿದರು. ಒಳ್ಳೆಯ ಪ್ರಶ್ನೆಯೇ, ಆಕೆ ಬೇಸರಿಸದೆ ಮಾರ್ಗಸೂಚಿಯನ್ನೇ ತೋರಿಸಿದರು. ಅಷ್ಟರಲ್ಲಿ ಮಸ್ಕತ್ತಿನಿಂದ ಭಾವನ ಸಂದೇಶ ಬಂತು: ಪಪ್ಪಾಯ ಎಲೆಯ ರಸ, ದಿನಕ್ಕೆ ಮೂರು ಹೊತ್ತು. ಭಾವ ಅಲ್ಲಿ ಟಯರು ಅಂಗಡಿಯ ಲೆಕ್ಕ ಬರೆಯುವವರು. ಅವರನ್ನು ಆಧಾರ ಕೇಳುವುದು ಸಂಬಂಧಕ್ಕೆ ಒಳ್ಳೆಯದಲ್ಲ. ಐದನೆಯ ದಿನ ಜ್ವರ ಬಿಟ್ಟಿತು. “ಇನ್ನೇನು, ಮನೆಗೆ ಕಳುಹಿಸಿ” ಎಂದರು. ರಕ್ತನಾಳದಿಂದ ದ್ರವ ಸೋರಿ ಪ್ರಾಣಕ್ಕೆ ಕುತ್ತು ಬರುವುದಿದ್ದರೆ ಜ್ವರ ಇಳಿದ ಮೇಲಿನ ಒಂದೆರಡು ದಿನಗಳಲ್ಲೇ ಎಂದು ವೈದ್ಯೆ ಹೇಳಿದ್ದಕ್ಕೆ, ಬಿಲ್ಲು ಏರಿಸುವ ಉಪಾಯ ಎಂದು ಕಾರಿಡಾರಿನಲ್ಲಿ ತೀರ್ಪು ಬಂತು.

ನಾನೂ ಸಾಚಾ ಅಲ್ಲ. ಕೊರೋನಾ ಕಾಲದಲ್ಲಿ ಬೀದಿಗೆ ಔಷಧ ಸಿಂಪಡಿಸಿದಾಗ ಸ್ಕೂಟರನ್ನೂ ಹೊರಗೆ ತಂದು ನಿಲ್ಲಿಸಿ ಪಾವನಗೊಳಿಸಿಕೊಂಡವನು. ಬೀದಿಗೆ ಸಿಂಪಡಿಸಿ ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿದ್ದನ್ನು ಓದಿದ್ದು ಆಮೇಲೆ.

ನಿಜವಾಗಿ ಪ್ರಶ್ನಿಸಬೇಕಾದ ಜಾಗ ನಮ್ಮ ಓಣಿಯ ತುದಿಯಲ್ಲೇ ಇದೆ. ಅರ್ಧಕ್ಕೆ ನಿಂತ ಬಹುಮಹಡಿ ಕಟ್ಟಡ, ಅದರ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ಮಂಗಳೂರಿನ ಮಲೇರಿಯಾಕ್ಕೂ ಇಂಥ ಕಟ್ಟಡದ ನೀರಿಗೂ ಇರುವ ನಂಟು 1990ರ ದಶಕದಷ್ಟು ಹಳೆಯದು. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು 2024ರಲ್ಲಿ ಘೋಷಿಸಿದ ಸರ್ಕಾರ, ನುಸಿ ಸಾಕುವ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುವ ಜಾಗಕ್ಕೆ 2000 ರೂಪಾಯಿ ದಂಡ ನಿಗದಿ ಮಾಡಿತು. ಕೋಟಿಗಟ್ಟಲೆ ಸುರಿಯುವ ಬಿಲ್ಡರು ಇದನ್ನು ನುಸಿಗಳ ಬಾಡಿಗೆಯೆಂದು ಲೆಕ್ಕಕ್ಕೆ ಬರೆದುಕೊಳ್ಳಬಹುದು. ಸಂಘದ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ಸಂಘದ ವಾರ್ಷಿಕೋತ್ಸವದ ಶಾಮಿಯಾನ ಅದೇ ಬಿಲ್ಡರದ್ದು ಎಂದು ಖಜಾಂಚಿ ನೆನಪಿಸಿದರು.

ಮೊನ್ನೆಯ ಡೆಂಗಿ ವಿರೋಧಿ ಅಭಿಯಾನದ ಉದ್ಘಾಟನೆಗೂ ಅದೇ ಶಾಮಿಯಾನ ಬಂತು. ದೀಪ, ಭಾಷಣ, ಶಾಲು, ಕೊನೆಗೆ ಹೊಗೆ. ಬಂದವರಿಗೆಲ್ಲ ಒಂದೊಂದು ಎಳನೀರಿನ ಬೊಂಡ. ಕುಡಿದು ಮುಗಿದ ಚಿಪ್ಪುಗಳನ್ನು ವೇದಿಕೆಯ ಹಿಂದಿನ ಗುಂಡಿಗೆ ಹಾಕಿದರು. ರಾತ್ರಿ ಮಳೆ ಹಿಡಿಯಿತು, ನಮ್ಮೂರಿನ ಮಳೆ, ನಾಲ್ಕು ದಿನ ಬಿಡಲಿಲ್ಲ.

ಮುಂದಿನ ವಾರ ಅದೇ ಕಾರ್ಯಕರ್ತೆ ಬಂದು ಚಿಪ್ಪೊಂದಕ್ಕೆ ಟಾರ್ಚು ಬಿಟ್ಟು ಅಧ್ಯಕ್ಷರನ್ನು ಕರೆದರು. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಒಳಗೆ ಕುಣಿತವೋ ಕುಣಿತ. ಅಂದು ಅವರು ಗುರುತಿನ ಚೀಟಿ ಕೇಳಲಿಲ್ಲ.

“ಇಷ್ಟೊಂದು ಮರಿಯೇ! ಕೂಡಲೇ ಹೊಗೆ ಬಿಡಿಸಬೇಕು” ಎಂದರು.

ಆಕೆ ಉತ್ತರಿಸದೆ ಒಂದೊಂದೇ ಚಿಪ್ಪನ್ನು ಮಗುಚಿ ಹಾಕತೊಡಗಿದರು. ಇವರು ಬದಿಗೆ ಸರಿದು ಜನಪ್ರತಿನಿಧಿಗೆ ಫೋನು ಹಚ್ಚಿದರು. ಶುಕ್ರವಾರ ಸಂಜೆ ಐದೂವರೆಗೆ ಬರುವುದೆಂದು ನಿಗದಿಯಾಯಿತು. ಬೊಂಡದ ವ್ಯವಸ್ಥೆ ಈ ಸಲ ಸಂಘದ್ದೇ.