ಸಾಕ್ಷ್ಯಚಿತ್ರದ ಸದ್ದೆಲ್ಲ ಕಾಡಿನದೇ?

ಆಗುಂಬೆಯ ಕಾಳಿಂಗ ಸರ್ಪಗಳ ಕಾದಾಟದ ತುಣುಕೊಂದರ ಜೊತೆ, ‘ಇದು ಸಿನಿಮಾ ಅಲ್ಲ, ಸಾಕ್ಷ್ಯಚಿತ್ರ; ಕಂಡದ್ದೂ ಕೇಳಿದ್ದೂ ನಡೆದಂತೆಯೇ ಇದೆ’ ಎಂಬ ಒಕ್ಕಣೆ ತೀರ್ಥಹಳ್ಳಿ, ಸಾಗರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಹೆಣ್ಣಿಗಾಗಿ ಗಂಡು ಕಾಳಿಂಗಗಳು ಸೆಣಸುವುದು ನಿಜ. ಆದರೆ ಇಂತಹ ದೃಶ್ಯಗಳ ಸದ್ದು ಬಹುಮಟ್ಟಿಗೆ ಸ್ಟುಡಿಯೋದಲ್ಲಿ ಸೇರಿಸಿದ್ದಾಗಿರುತ್ತದೆ. ಟೆಲಿಫೋಟೊ ಲೆನ್ಸ್ ದೂರದ ಹಾವನ್ನು ಕಣ್ಣೆದುರಿಗೆ ತರಬಲ್ಲದಾದರೂ ಅದು ತರಗೆಲೆಗಳ ಮೇಲೆ ಹರಿಯುವ ಸರಸರ ಸದ್ದನ್ನು ಅಷ್ಟು ದೂರದಿಂದ ಸ್ಪಷ್ಟವಾಗಿ ಹಿಡಿಯುವುದು ಮೈಕಿಗೆ ಕಷ್ಟ. ಜೀರುಂಡೆಗಳ ಗದ್ದಲವಿರುವ ಮಲೆನಾಡಿನ ಕಾಡಿನಲ್ಲಂತೂ ಇನ್ನೂ ಕಷ್ಟ. ಆದ್ದರಿಂದ ‘ಫೋಲಿ’ ಕಲಾವಿದರು ಬಟ್ಟೆ, ಒಣಗಿದ ಎಲೆ, ಚರ್ಮದಂತಹ ವಸ್ತುಗಳಿಂದ ಆ ಸದ್ದನ್ನು ಹೊಸದಾಗಿ ಹುಟ್ಟಿಸುತ್ತಾರೆ. ಇದನ್ನು ಮೋಸವೆನ್ನುವುದು ಅತಿಯಾದೀತು.

ಮೋಸವೆನ್ನಬೇಕಾದದ್ದೂ ನಡೆದಿದೆ. 1958ರ ‘ವೈಟ್ ವೈಲ್ಡರ್‌ನೆಸ್’ ಚಿತ್ರವು ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಮೂಹಿಕವಾಗಿ ನೀರಿಗೆ ಹಾರುವುದನ್ನು ತೋರಿಸಿತ್ತು. ಅವುಗಳನ್ನು ಬೇರೆಡೆಯಿಂದ ತಂದು ದಂಡೆಯಿಂದ ತಳ್ಳಲಾಗಿತ್ತೆಂದು 1982ರಲ್ಲಿ ಕೆನಡಾದ ದೂರದರ್ಶನ ಕಾರ್ಯಕ್ರಮವೊಂದು ಬಯಲಿಗೆಳೆಯಿತು. ಆ ಚಿತ್ರಕ್ಕೆ ಆಸ್ಕರ್ ಕೂಡ ಬಂದಿತ್ತು!

ಸದ್ದಿಗಿಂತ ಸಂಕಲನವನ್ನೇ ಹೆಚ್ಚು ಗಮನಿಸಬೇಕು. ಬೇಟೆಗಾರ ಪ್ರಾಣಿ ಮತ್ತು ಅದರ ಬೇಟೆ ಒಂದೇ ಚೌಕಟ್ಟಿನಲ್ಲಿ ಎಂದಾದರೂ ಒಟ್ಟಿಗೆ ಕಾಣುತ್ತವೆಯೇ, ಒಂದು ಶಾಟ್‌ನಿಂದ ಇನ್ನೊಂದಕ್ಕೆ ನೆರಳಿನ ದಿಕ್ಕು ಬದಲಾಗಿದೆಯೇ, ಪ್ರಾಣಿಯ ‘ಕೋಪ’ವನ್ನು ದೃಶ್ಯವೇ ಹೇಳುತ್ತಿದೆಯೋ ಅಥವಾ ನಿರೂಪಕರೂ ಹಿನ್ನೆಲೆ ಸಂಗೀತವೂ ಹೇಳುತ್ತಿವೆಯೋ ಎಂದು ನೋಡಬೇಕು, ಧ್ವನಿಯನ್ನು ಪೂರ್ತಿ ನಿಲ್ಲಿಸಿ ಮತ್ತೊಮ್ಮೆ ನೋಡಿದರೆ ಈ ಕೊನೆಯ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ.