ಬೆನ್ ನೆವಿಸ್ ಇರಲಿ, ಕಾನಿಕ್ ಹಿಲ್‌ಗೆ ಹೋಗಿ ಬನ್ನಿ

ಊರಿಂದ ಸ್ಕಾಟ್ಲೆಂಡ್ ನೋಡೋಕೆ ಬರೋರ ಪಟ್ಟಿಯಲ್ಲಿ ಬೆನ್ ನೆವಿಸ್ ಇದ್ದೇ ಇರುತ್ತೆ. ಬ್ರಿಟನ್ನಿಗೇ ಎತ್ತರದ ಬೆಟ್ಟ ಅದು, 1345 ಮೀಟರ್. ಹತ್ತಿ ಇಳಿಯೋಕೆ ಇಡೀ ದಿನ ಬೇಕು, ಅಷ್ಟು ಕಷ್ಟಪಟ್ಟರೂ ಬಹಳ ಸಲ ಮೇಲೆ ಸಿಗೋದು ಬರೀ ಮೋಡ. ಅದಕ್ಕೇ ಗ್ಲಾಸ್ಗೋಗೆ ಬಂದವರಿಗೆಲ್ಲ ನಾನು ಕಾನಿಕ್ ಹಿಲ್ ಹೇಳ್ತೀನಿ. ರೈಲಲ್ಲಿ ಬಾಲಕ್, ಅಲ್ಲಿಂದ ಬಸ್ಸಲ್ಲಿ ಬಾಲ್ಮಹಾ. ಹತ್ತಿ ಇಳಿಯೋಕೆ ಎರಡು ಮೂರು ಗಂಟೆ ಸಾಕು.

ಕಾನಿಕ್ ಹಿಲ್ ಎತ್ತರ 361 ಮೀಟರ್ ಅಂತ ನಾನು ಹೇಳಿದ ತಕ್ಷಣ ಮೈಸೂರಿಂದ ಬಂದಿದ್ದ ಚಿಕ್ಕಪ್ಪ ನಕ್ಕುಬಿಟ್ಟರು. "ನಮ್ಮ ಚಾಮುಂಡಿ ಬೆಟ್ಟ ಸಾವಿರ ದಾಟುತ್ತೆ ಕಣೋ!" ದಾಟುತ್ತೆ ನಿಜ, ಆದರೆ ಮೈಸೂರೇ ಏಳುನೂರು ಮೀಟರಿಗಿಂತ ಮೇಲಿದೆ. ಬಾಲ್ಮಹಾ ಇರೋದು ಲೋಮಂಡ್ ಸರೋವರದ ದಡದಲ್ಲಿ, ಆ ನೀರು ಸಮುದ್ರಮಟ್ಟದಿಂದ ಹತ್ತು ಮೀಟರೂ ಎತ್ತರ ಇಲ್ಲ. ನಿಜವಾಗಿ ಹತ್ತೋ ಲೆಕ್ಕದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಪೈನ್ ಮರಗಳು ಮುಗಿದು ಮೆಟ್ಟಿಲು ಶುರುವಾದ ಮೇಲೆ ಚಿಕ್ಕಪ್ಪ ಆ ಮಾತು ಎತ್ತಲಿಲ್ಲ.

ಮರಗಳು ಮುಗಿದ ಕಡೆ ಒಂದು ಗೇಟು. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, "ಎಲ್ಲಿಂದ ಬಂದ್ರಿ" ಅಂತ ಕೇಳೋರೂ ಇಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಇಲ್ಲಿ ಎಲ್ಲರಿಗೂ ಹುಲ್ಲುಗಾವಲು, ಗುಡ್ಡ, ಕಾಡುಗಳಲ್ಲಿ ನಡೆಯೋ ಹಕ್ಕು ಕೊಟ್ಟಿದೆ, ಜಮೀನು ಯಾರದ್ದೇ ಇರಲಿ. ಜವಾಬ್ದಾರಿಯಿಂದ ನಡೀಬೇಕು, ಅಷ್ಟೇ: ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಕುರಿ ಮರಿ ಹಾಕೋ ಕಾಲದಲ್ಲಿ ನಾಯಿ ಜೊತೆ ನುಗ್ಗಬಾರದು. ಕುಮಾರ ಪರ್ವತಕ್ಕೆ ಅನುಮತಿಗಾಗಿ ಪರದಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. (ಜನಸಂಖ್ಯೆ ಬೇರೆ, ಕಾಡು ಬೇರೆ, ಆನೆ ಇಲ್ಲ, ಎಲ್ಲ ಒಪ್ಪಿದೆ. ಆದರೂ ಹೊಟ್ಟೆಕಿಚ್ಚು.)

ಎದುರಿಗೆ ದೊಡ್ಡ ಬ್ಯಾಗ್ ಹೊತ್ತವರು ಇಳಿದು ಬರ್ತಾ ಇರ್ತಾರೆ. ವೆಸ್ಟ್ ಹೈಲ್ಯಾಂಡ್ ವೇ ಅನ್ನೋ 154 ಕಿಲೋಮೀಟರಿನ ಕಾಲುದಾರಿ ಈ ಗುಡ್ಡದ ಪಕ್ಕದಲ್ಲೇ ಹಾದು ಹೋಗುತ್ತೆ. ಅವರಲ್ಲಿ ಸುಮಾರು ಜನ ತುದಿಗೆ ಹತ್ತದೆ ಹಾಗೇ ದಾಟಿಬಿಡ್ತಾರೆ. ನೀವು ಹಾಗೆ ಮಾಡಬೇಡಿ.

ಮೇಲೆ ಹತ್ತೋವಾಗ ಕಾಲಡಿಯ ಬಂಡೆ ನೋಡಿ. ಹೊಳೆಯಲ್ಲಿ ಉರುಳಿ ನುಣುಪಾದ ದುಂಡನೆ ಕಲ್ಲುಗಳು ಚಿಕ್ಕಿಯಲ್ಲಿ ಕಡಲೆಬೀಜ ಕೂತ ಹಾಗೆ ಬಂಡೆಯೊಳಗೆ ಕೂತಿವೆ. ಸುಮಾರು 40 ಕೋಟಿ ವರ್ಷ ಹಿಂದೆ ಯಾವುದೋ ನದಿ ತಂದು ಹಾಕಿದ್ದು. ಮಳೆ ಬಿದ್ದರೆ ಜಾರುತ್ತೆ, ಹುಷಾರು.

ತುದಿಗೆ ಹೋಗಿ ಪಶ್ಚಿಮಕ್ಕೆ ತಿರುಗಿ. ನೀವು ನಿಂತ ಏಣು ಕೆಳಗಿಳಿದು ನೀರಿಗೆ ಇಳಿಯುತ್ತೆ, ಅದೇ ಸಾಲಲ್ಲಿ ಇಂಚ್‌ಕಾಯ್ಲಕ್, ಟೋರಿಂಚ್, ಕ್ರೀಂಚ್, ಇಂಚ್‌ಮರಿನ್ ದ್ವೀಪಗಳು ಒಂದರ ಹಿಂದೆ ಒಂದು. ಆರನ್ ದ್ವೀಪದಿಂದ ಪೂರ್ವ ಕರಾವಳಿಯ ಸ್ಟೋನ್‌ಹೇವನ್‌ವರೆಗೆ ಸ್ಕಾಟ್ಲೆಂಡನ್ನ ಸೀಳಿಕೊಂಡು ಹೋಗೋ ಭೂಸ್ತರಭಂಗ (ನೆಲದೊಳಗಿನ ಕಲ್ಲಿನ ಪದರ ಬಿರಿದು ಸರಿದ ಸಾಲು) ಇಲ್ಲೇ ಹಾಯುತ್ತೆ. ಬಲಗಡೆ ಬೆಟ್ಟಸೀಮೆ ಹೈಲ್ಯಾಂಡ್ಸ್, ಎಡಗಡೆ ತಗ್ಗುಸೀಮೆ ಲೋಲ್ಯಾಂಡ್ಸ್. ಬಲಕ್ಕೆ ಗಟ್ಟಿ ಕಲ್ಲು, ಅಲ್ಲಿ ಹಿಮನದಿ ಸರೋವರವನ್ನ ಕಿರಿದಾಗಿ, ಆಳವಾಗಿ ಕೊರೆದಿದೆ. ಎಡಕ್ಕೆ ಮೆತ್ತನೆ ಕಲ್ಲು, ನೀರು ಅಗಲವಾಗಿ ಹರಡಿ ಆಳ ಕಡಿಮೆಯಾಗಿದೆ. ಭೂಗೋಳದ ಪಾಠ ತಲೆಗೆ ಹತ್ತದವರಿಗೂ ಇದು ಕಣ್ಣಿಗೆ ಕಾಣುತ್ತೆ. ಚಿಕ್ಕಪ್ಪ ಫೋನ್ ಜೇಬಿಗಿಟ್ಟು ಬಹಳ ಹೊತ್ತು ನೋಡಿದರು.

ಉತ್ತರಕ್ಕೆ ಬೆನ್ ಲೋಮಂಡ್, 974 ಮೀಟರ್. 914 ಮೀಟರ್, ಅಂದರೆ ಮೂರು ಸಾವಿರ ಅಡಿ ದಾಟಿದ ಇಲ್ಲಿನ ಬೆಟ್ಟಕ್ಕೆ 'ಮನ್ರೋ' ಅಂತಾರೆ, ಇದೂ ಒಂದು. 1891ರಲ್ಲಿ ಹ್ಯೂ ಮನ್ರೋ ಪಟ್ಟಿ ಮಾಡಿದಾಗಿಂದ ಇಲ್ಲಿಯವರಿಗೆ ಅದೊಂದು ಹುಚ್ಚು. ಈಗಿನ 282ನ್ನೂ ಹತ್ತಿ ಟಿಕ್ ಹಾಕೋರಿದ್ದಾರೆ. ಹಾಕಲಿ. ನಮ್ಮ ಹುಡುಗರೂ ಅದನ್ನೇ ಹಿಡ್ಕೊಂಡು "ಮನ್ರೋ ಅಲ್ವಾ? ಹಾಗಾದ್ರೆ ಬೇಡ" ಅನ್ನೋದು ಮಾತ್ರ ನನಗೆ ಹಿಡಿಸಲ್ಲ. ಎತ್ತರದ ಬೆಟ್ಟಗಳನ್ನ ಮೋಡ ನುಂಗಿದ ದಿನವೂ ಈ ಸಣ್ಣ ಗುಡ್ಡದಿಂದ ಎಷ್ಟೋ ಸಲ ಸರೋವರ ಚೆನ್ನಾಗಿ ಕಾಣುತ್ತೆ.

ಬೇಸಿಗೆಯಲ್ಲಿ ಬಂದರೆ ಮಿಡ್ಜ್ ಅನ್ನೋ ಸಣ್ಣ ನೊಣಗಳು ಕಚ್ಚುತ್ತವೆ, ಗಾಳಿ ಇಲ್ಲದ ಸಂಜೆ ದಡದಲ್ಲಿ ಕೂರಬೇಡಿ. ವಾಪಸ್ ಬಸ್ಸಿನ ಟೈಮ್ ಹತ್ತೋ ಮೊದಲೇ ನೋಡಿಟ್ಟುಕೊಳ್ಳಿ, ಪದೇಪದೇ ಬರಲ್ಲ.