ಲೆಕ್ಕ ಬಾಗಲಕೋಟೆಯ ಹೊಸ್ತಿಲಿನಿಂದ ಶುರುವಾಗಲಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಸುಮಾರು 14,000 ಕಿಲೋಮೀಟರ್, ನಡುವೆ ಎಲ್ಲೂ ಇಳಿಯದೆ ಹಾರಿದರೆ ಹದಿನಾರು-ಹದಿನೇಳು ಗಂಟೆ ಎಂಬ ಉತ್ತರ ಸಿಗುತ್ತದೆ. ಅದು ವಿಮಾನದ ಲೆಕ್ಕ, ಪ್ರಯಾಣಿಕರದ್ದಲ್ಲ. ಮಕ್ಕಳನ್ನು ನೋಡಲು ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊರಡುವ ಹಿರಿಯರದ್ದಂತೂ ಖಂಡಿತ ಅಲ್ಲ.

ಈ 14,000 ಎಂಬ ಸಂಖ್ಯೆ ಬಂದ ಬಗೆಯನ್ನು ತಿಳಿಯಲು ಶಾಲೆಯ ಗ್ಲೋಬ್ ಒಂದಿದ್ದರೆ ಸಾಕು. ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದರೆ, ಆ ದಾರ ಗೋಡೆಯ ನಕ್ಷೆಯಲ್ಲಿ ನಮಗೆ ತೋರುವಂತೆ ಪೂರ್ವಕ್ಕೋ ಪಶ್ಚಿಮಕ್ಕೋ ಸಾಗದೆ ಬಹುಪಾಲು ಉತ್ತರದ ಕಡೆಗೇ ಏರಿ, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ ಅಲಾಸ್ಕದ ಮೇಲಿಂದ ಕೆಳಗೆ ಬರುತ್ತದೆ. ಅತಿ ಕಡಿಮೆ ದೂರದ ದಾರಿ ಅದೇ. ಆದರೆ ವಿಮಾನ ಆ ದಾರದ ಗುಂಟ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಜನ ಉಸಿರಾಡಲೆಂದು ವಿಮಾನವು ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಇದರ ಜೊತೆಗೆ ಯುದ್ಧ, ವೈಮನಸ್ಯಗಳಿಂದ ದೇಶಗಳು ತಮ್ಮ ಆಕಾಶವನ್ನು ಮುಚ್ಚುವುದೂ ಉಂಟು. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ಸುಮಾರು ಒಂಬತ್ತು ಗಂಟೆಯ ಹಾದಿ ಹದಿಮೂರು ಗಂಟೆಯಷ್ಟಾಯಿತು. ಊರುಗಳು ಇದ್ದಲ್ಲೇ ಇದ್ದವು.

ಗಾಳಿಯದೂ ಒಂದು ಪಾಲಿದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಮೇಲ್ಗಾಳಿ ಎದುರಾದರೆ ಹೊತ್ತು ಹೆಚ್ಚು, ಬೆನ್ನಿಗಿದ್ದರೆ ಕಡಿಮೆ.

ಟಿಕೆಟ್ಟಿನ ಮೇಲಿನ ಸಮಯವೂ ಅನೇಕರನ್ನು ಗಲಿಬಿಲಿಗೊಳಿಸುತ್ತದೆ. 2021ರಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ಇಳಿಯಿತು. ಹಾರಿದ್ದು ಹದಿನೇಳು ಗಂಟೆಯ ಆಸುಪಾಸು. ಉಳಿದದ್ದು ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳ ನಡುವೆ ಇರುವ ಹದಿಮೂರೂವರೆ ಗಂಟೆಯ ಅಂತರ.

ಇನ್ನು ನಮ್ಮ ಕಡೆಯ ಮಾತು. ಬಾಗಲಕೋಟೆಯಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ಸ್ಲೀಪರ್ ಬಸ್ಸು, ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇನ್ನೊಂದು ವಾಹನ, ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿ, ಆಚೆ ಇಳಿದ ಮೇಲೆ ಇಮಿಗ್ರೇಷನ್ ಸಾಲು. ಮಂಡಿನೋವಿನ ಅವ್ವನಿಗೆ ಇದೆಲ್ಲವೂ ಪ್ರಯಾಣವೇ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರುವುದು ಹಗುರ, ನಿಜ. ಆದರೆ ಅದನ್ನು ಬೇರೆ ಟಿಕೆಟ್ಟಾಗಿ ಕೊಂಡು ನಡುವೆ ಎರಡೇ ಗಂಟೆ ಬಿಟ್ಟರೆ, ಮೊದಲ ವಿಮಾನ ತಡವಾದಾಗ ಮುಂದಿನ ವಿಮಾನದವರು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಸಾಧ್ಯವಿದ್ದಲ್ಲಿ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಬೇಕು. ಆಗದಿದ್ದರೆ ಹಿಂದಿನ ದಿನವೇ ಅವರನ್ನು ಬೆಂಗಳೂರಿಗೆ ಕರೆಸಿ, ಬಂಧುಗಳ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರಾತ್ರಿ ಮಲಗಿಸಬೇಕು. ವೀಲ್‌ಚೇರ್ ಬೇಕೆಂಬುದನ್ನು ಬುಕಿಂಗ್ ಮಾಡುವಾಗಲೇ ನಮೂದಿಸಬೇಕು.

ಪರದೇಶದಲ್ಲಿರುವ ನಮ್ಮ ಮಕ್ಕಳಲ್ಲಿ ನನ್ನ ವಿನಂತಿ ಇಷ್ಟೆ: ಅಪ್ಪ-ಅವ್ವನಿಗೆ ಟಿಕೆಟ್ ಮಾಡಿಸುವ ಮುನ್ನ ಮನೆಯ ಹೊಸ್ತಿಲಿನಿಂದ ನಿಮ್ಮ ಬಾಗಿಲವರೆಗಿನ ಒಟ್ಟು ಗಂಟೆಗಳನ್ನು ಭಾರತದ ಸಮಯದಲ್ಲೇ ಕೂಡಿಸಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅವರಿಗೆ ಕಳಿಸಿರಿ.